ಮೆದುಳೂ ಮೆಗ್ನೀಸಿಯಂ ಎಂಬ ಖನಿಜವೂ

ಹೋದ ತಿಂಗಳು ಒಂದು ರವಿವಾರ ಓದುಗರೊಬ್ಬರು ನಮ್ಮ ವಾಚನಾಲಯದ ಮೇಜಿನ ಮೇಲೆ ಒಂದು ಗುಳಿಗೆಯ ಡಬ್ಬಿಯನ್ನು ತಂದಿಟ್ಟರು. ಅವರು ಕಲಬುರಗಿ ಜಿಲ್ಲೆಯವರು. ಬಿಡಕಿನ್ ಔದ್ಯೋಗಿಕ ಕ್ಷೇತ್ರದಲ್ಲಿ ರಾತ್ರಿ ಪಾಳಿಯ ಕೆಲಸ. ವಯಸ್ಸು ಐವತ್ತಕ್ಕೆ ಒಂದೆರಡು ಕಡಿಮೆ. "ಮಾಸ್ತರ, ಇದನ್ನಿಷ್ಟು ಓದಿ ಹೇಳ್ರಿ. ಮೆದುಳಿಗೆ ಶಕ್ತಿ ಕೊಡ್ತೈತಂತ ಔಷಧದ ಅಂಗಡ್ಯಾಂವ ಹೇಳ್ಯಾನ. ಖರೇನೇನು?" ಎಂದು ಕೇಳಿದರು.

ಡಬ್ಬಿಯ ಮೇಲೆ 'ಮೆಗ್ನೀಸಿಯಂ' ಎಂದು ದಪ್ಪ ಅಕ್ಷರದಲ್ಲಿತ್ತು. ಬೆಲೆ ನೋಡಿದರೆ ಅವರ ಎರಡು ದಿನಗಳ ಪಗಾರಕ್ಕೆ ಸಮ. ಕೆಲವು ತಿಂಗಳಿಂದ ಅವರಿಗೆ ಹಗಲು ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಕೈಯಲ್ಲಿದ್ದ ಪಾನಾ ಎಲ್ಲಿಟ್ಟೆನೆಂಬುದು ಮರೆಯುತ್ತಿತ್ತು. ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಸೆಟೆದುಕೊಳ್ಳುತ್ತಿತ್ತು. ಯಂತ್ರದ ಹತ್ತಿರ ನಿಂತು ದುಡಿಯುವವನಿಗೆ ಮರೆವು ಸಣ್ಣ ಮಾತಲ್ಲ. ಕೈ ಹೋಗುವುದು ಒಂದು ಕ್ಷಣದ ಕೆಲಸ.

ಅಂದು ನಮಗೆ ಉತ್ತರ ಕೊಡಲಾಗಲಿಲ್ಲ. ನಾವು ವೈದ್ಯರಲ್ಲ, ಹಿಟ್ಟಿನ ಗಿರಣಿಯಲ್ಲಿ ಲೆಕ್ಕ ಬರೆಯುವ ಕಾರಕೂನರು, ಮೆಟ್ರಿಕ್ಕಿನ ಆಚೆ ಓದಿದವರಲ್ಲ. ಆದರೂ ಕೇಳಿದ ಪ್ರಶ್ನೆಯನ್ನು ಹಾಗೆಯೇ ಬಿಡಲು ಮನಸ್ಸಾಗದೆ, ಪುಸ್ತಕಗಳನ್ನು ತೆಗೆದು ನೋಡಿ, ಬಲ್ಲವರನ್ನು ವಿಚಾರಿಸಿ ತಿಳಿದುಕೊಂಡಷ್ಟನ್ನು ಈ ಸಲದ ಪಾಠವಾಗಿ ಬರೆದಿದ್ದೇವೆ. ಆ ಬಾಂಧವರಿಗೆ ಮುಂದೇನಾಯಿತೆಂಬುದನ್ನು ಪಾಠದ ಕೊನೆಯಲ್ಲಿ ಹೇಳುತ್ತೇವೆ.

ಇದು ಯಾವ ವಸ್ತು?

ಮೆಗ್ನೀಸಿಯಂ ಒಂದು ಹಗುರವಾದ, ಬೆಳ್ಳಿಯ ಬಣ್ಣದ ಲೋಹ. ಶಾಲೆಯಲ್ಲಿ ವಿಜ್ಞಾನದ ಮಾಸ್ತರರು ಅದರ ಪಟ್ಟಿಯನ್ನು ಚಿಮಟಿಗೆಯಲ್ಲಿ ಹಿಡಿದು ಉರಿಸಿ ತೋರಿಸಿದ್ದು, ಕಣ್ಣು ಕುಕ್ಕುವ ಬಿಳಿ ಬೆಳಕು ಬಂದದ್ದು ಹಲವರಿಗೆ ನೆನಪಿರಬಹುದು. ನಮ್ಮ ದೇಹದಲ್ಲಿ ಅದು ಲೋಹದ ರೂಪದಲ್ಲಿರುವುದಿಲ್ಲ. ನೀರಿನಲ್ಲಿ ಕರಗಿದ ಉಪ್ಪಿನ ಹಾಗೆ, ವಿದ್ಯುತ್ತಿನ ಅಂಶ ಹೊತ್ತ ಸೂಕ್ಷ್ಮ ಕಣವಾಗಿ ಇರುತ್ತದೆ. ಗಿಡಗಳ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ನಟ್ಟನಡುವೆ ಇರುವುದೂ ಈ ಮೆಗ್ನೀಸಿಯಂ ಕಣವೇ. ಸೊಪ್ಪು ತಿಂದರೆ ಅದು ದೊರೆಯುವುದು ಇದರಿಂದ.

ಬೆಳೆದ ಮನುಷ್ಯನ ದೇಹದಲ್ಲಿರುವ ಒಟ್ಟು ಮೆಗ್ನೀಸಿಯಂ ಸುಮಾರು 25 ಗ್ರಾಂ, ಎಂದರೆ ಐದಾರು ಸಣ್ಣ ಚಮಚೆಯ ಉಪ್ಪಿನ ತೂಕದಷ್ಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲಿ, ಉಳಿದದ್ದು ಸ್ನಾಯುಗಳಲ್ಲೂ ಇತರ ಜೀವಕೋಶಗಳಲ್ಲೂ ಸೇರಿಕೊಂಡಿರುತ್ತದೆ. ರಕ್ತದ ದ್ರವದಲ್ಲಿರುವುದು ನೂರಕ್ಕೆ ಒಂದು ಪಾಲೂ ಇಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡತಕ್ಕದ್ದು, ಏಕೆಂದರೆ ದವಾಖಾನೆಯಲ್ಲಿ ಅಳೆಯುವುದು ರಕ್ತದಲ್ಲಿರುವುದನ್ನೇ. ರಕ್ತದ ಅಂಕಿ ಸರಿಯಾಗಿದ್ದರೂ ಒಳಗಿನ ದಾಸ್ತಾನು ಸೊರಗಿರಬಹುದು. ರಕ್ತದಲ್ಲಿಯೇ ತೀರ ಕಡಿಮೆಯಾಗಿದ್ದರೆ ಮಾತ್ರ ಅದು ತಡಮಾಡುವ ಸಂಗತಿಯಲ್ಲ.

ಮೆದುಳಿನಲ್ಲಿ ಅದರ ಕೆಲಸ

ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ದೇಹ ಬಳಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ಅನ್ನದಿಂದ ಬಂದ ಶಕ್ತಿಯನ್ನು ಜೀವಕೋಶಗಳು ಎ.ಟಿ.ಪಿ. ಎಂಬ ಪದಾರ್ಥದ ರೂಪದಲ್ಲಿ ಕೂಡಿಟ್ಟು ಖರ್ಚು ಮಾಡುತ್ತವೆ. ಈ ಎ.ಟಿ.ಪಿ. ಕೆಲಸಕ್ಕೆ ಬರಬೇಕಾದರೆ ಮೆಗ್ನೀಸಿಯಂ ಅದರ ಜೊತೆಗೆ ಅಂಟಿಕೊಂಡಿರಬೇಕು. ಸಹಿ ಇಲ್ಲದ ಚೆಕ್ಕು ಬ್ಯಾಂಕಿನಲ್ಲಿ ನಡೆಯುವುದುಂಟೇ? ಹಾಗೆಯೇ ಇದು. ದೇಹದ 300ಕ್ಕೂ ಹೆಚ್ಚು ಕಿಣ್ವಗಳ ಕೆಲಸಕ್ಕೆ ಮೆಗ್ನೀಸಿಯಂ ಬೇಕೆಂದು ಲೆಕ್ಕ ಮಾಡಿದ್ದಾರೆ.

ಇನ್ನೊಂದು ಕೆಲಸ ಇದಕ್ಕಿಂತ ಸೋಜಿಗದ್ದು. ಮೆದುಳಿನ ಒಂದು ನರಕೋಶ ಮತ್ತೊಂದಕ್ಕೆ ಸಂದೇಶ ಕೊಡುವ ಸ್ಥಳದಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಅವುಗಳಲ್ಲಿ ಒಂದು ಬಗೆಯ ಬಾಗಿಲಿನಿಂದ ಕ್ಯಾಲ್ಸಿಯಂ ಕಣಗಳು ಒಳಕ್ಕೆ ನುಗ್ಗಿದಾಗಲೇ ನರಕೋಶಗಳ ನಡುವಿನ ಸಂಬಂಧ ಗಟ್ಟಿಯಾಗಿ, ನಾವು ಕಲಿತದ್ದು ನೆನಪಿನಲ್ಲಿ ನಿಲ್ಲುತ್ತದೆ. ಆದರೆ ಆ ಬಾಗಿಲು ಸುಮ್ಮಸುಮ್ಮನೆ ತೆರೆಯುವಂತಿಲ್ಲ. ಮೆಗ್ನೀಸಿಯಂ ಕಣವೊಂದು ಬಾಗಿಲಿನ ನಡುವೆ, ಕಾರ್ಖಾನೆಯ ಗೇಟಿನಲ್ಲಿ ಸ್ಟೂಲು ಹಾಕಿಕೊಂಡ ಪಹರೆಯವನಂತೆ ಕುಳಿತಿರುತ್ತದೆ. ಸಣ್ಣಪುಟ್ಟ ಗದ್ದಲಕ್ಕೆ ಅದು ಏಳುವುದಿಲ್ಲ. ನಿಜವಾದ, ಬಲವಾದ ಸಂದೇಶ ಬಂದಾಗ ಮಾತ್ರ ಎದ್ದು ದಾರಿ ಬಿಡುತ್ತದೆ. ಈ ಸಂಗತಿಯನ್ನು 1984ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳೂ ಅಮೇರಿಕೆಯ ವಿಜ್ಞಾನಿಗಳೂ ಬೇರೆ ಬೇರೆಯಾಗಿಯೇ ಕಂಡುಹಿಡಿದರು. ಪಹರೆಯವನು ಇಲ್ಲದಿದ್ದರೆ ಏನಾದೀತು? ಗೇಟು ಹಾರುಹೊಡೆದಿರುತ್ತದೆ, ನರಗಳು ಕಾರಣವಿಲ್ಲದೆ ಕೆರಳುತ್ತವೆ, ಕ್ಯಾಲ್ಸಿಯಂ ಮಿತಿಮೀರಿ ನುಗ್ಗಿದರೆ ನರಕೋಶವೇ ಸಾಯಬಹುದು.

ದನ ಕಟ್ಟಿದ ಮನೆಯಿಂದ ಬಂದವರು ನಮ್ಮಲ್ಲಿ ಬಹಳ ಜನ. ಅವರಿಗಾಗಿ ಒಂದು ಉದಾಹರಣೆ. ಯೂರೋಪಿನ ತಂಪು ದೇಶಗಳಲ್ಲಿ ಚಳಿಗಾಲವಿಡೀ ಕೊಟ್ಟಿಗೆಯಲ್ಲಿದ್ದ ಹಾಲಿನ ಹಸುಗಳನ್ನು ವಸಂತದಲ್ಲಿ ಎಳೆಯ ಹುಲ್ಲಿನ ಬಯಲಿಗೆ ಬಿಟ್ಟರೆ, ಕೆಲವು ಹಸುಗಳು ಕೆಲವೇ ದಿನಗಳಲ್ಲಿ ಬೆದರಿದಂತಾಗಿ, ನಡುಗಿ, ತೂರಾಡಿ ಬಿದ್ದು, ಕಾಲು ಝಾಡಿಸುತ್ತ ಸಾಯುತ್ತಿದ್ದವು. ಎಳೆಯ ಹುಲ್ಲಿನಲ್ಲಿ ಮೆಗ್ನೀಸಿಯಂ ಸಾಲದೆ ಅವುಗಳ ರಕ್ತದಲ್ಲಿ ಅದು ಕುಸಿಯುತ್ತದೆಂದು 1930ರ ಸುಮಾರಿಗೆ ಹಾಲೆಂಡಿನ ಸಂಶೋಧಕರು ತೋರಿಸಿದರು. ವೇಳೆಗೆ ಸರಿಯಾಗಿ ಮೆಗ್ನೀಸಿಯಂ ಕೊಟ್ಟರೆ ಬಿದ್ದ ಹಸು ಏಳುತ್ತದೆ.

ಹಸುವಿನ ಮಾತು ಹಾಗಿರಲಿ. ನಮ್ಮ ಮನೆಗಳಲ್ಲಿಯೇ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಗರ್ಭಿಣಿಯರಲ್ಲಿ ಐದು ತಿಂಗಳು ಕಳೆದ ಮೇಲೆ ಕೆಲವರಿಗೆ ರಕ್ತದೊತ್ತಡ ಏರಿ, ಮುಖ ಕೈಗಳಲ್ಲಿ ಬಾವು ಬಂದು, ಮುಂದೆ ಅಪಸ್ಮಾರದಂತಹ ಸೆಳವು ಬರುತ್ತದೆ. ಹಳ್ಳಿಯಲ್ಲಿ ಇದಕ್ಕೆ ನಂಜು ಏರಿತೆನ್ನುತ್ತಾರೆ. ಗಾಳಿ ಸೋಕಿತೆಂದು ದೇವರ ಕಡೆ ಹೊತ್ತುಕೊಂಡು ಹೋಗುವವರೂ ಉಂಟು. ಈ ಸೆಳವಿಗೆ ಇಂದು ಎಲ್ಲ ದೇಶಗಳ ವೈದ್ಯರು ಮೊದಲು ಕೈಗೆತ್ತಿಕೊಳ್ಳುವ ಔಷಧವೆಂದರೆ ಮೆಗ್ನೀಸಿಯಂ ಸಲ್ಫೇಟ್, ಎಂದರೆ ಭೇದಿಗೆ ಕೊಡುತ್ತಿದ್ದ ಅದೇ ಎಪ್ಸಮ್ ಉಪ್ಪು, ಶುದ್ಧ ಮಾಡಿ ಸೂಜಿಯ ಮೂಲಕ ಕೊಡುವುದು. ಭಾರತವೂ ಸೇರಿ ಹಲವು ದೇಶಗಳಲ್ಲಿ ನಡೆದ ಪರೀಕ್ಷೆಯೊಂದು 1995ರಲ್ಲಿ ಇದು ಆಗ ಬಳಕೆಯಲ್ಲಿದ್ದ ಬೇರೆರಡು ಔಷಧಗಳಿಗಿಂತ ಮೇಲೆಂದು ತೋರಿಸಿತು. 2002ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರಿದ್ದರು. ಮೆಗ್ನೀಸಿಯಂ ಪಡೆದವರಲ್ಲಿ ಸೆಳವು ಅರ್ಧಕ್ಕಿಂತಲೂ ಕಡಿಮೆಯಾಯಿತು. ಬೆಲೆ ತೀರ ಅಗ್ಗ, ಆದರೆ ಅಳತೆ ತಪ್ಪಿದರೆ ಉಸಿರು ನಿಲ್ಲಿಸುವ ಔಷಧ; ದವಾಖಾನೆಯಲ್ಲಿಯೇ ಕೊಡತಕ್ಕದ್ದು. ಖೋಲಿಯಲ್ಲಿ ಕುಟುಂಬದೊಂದಿಗೆ ಇರುವವರು ಇಷ್ಟು ತಿಳಿದಿದ್ದರೆ ಸಾಕು: ಗರ್ಭಿಣಿಗೆ ಬಲವಾದ ತಲೆನೋವು, ಕಣ್ಣು ಮಂಜಾಗುವುದು, ಎದೆಯ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖದ ಬಾವು ಇವುಗಳಲ್ಲಿ ಯಾವುದು ಕಂಡರೂ ಊರಿನಿಂದ ತಾಯಿ ಬರಲೆಂದು ಕಾಯಬಾರದು. 108ಕ್ಕೆ ಫೋನು ಮಾಡಬೇಕು.

ವಯಸ್ಸು, ಮರೆವು, ಮತ್ತು 2023ರ ಒಂದು ವರದಿ

ವಯಸ್ಸಾದಂತೆ ಎಲ್ಲರ ಮೆದುಳೂ ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದವರು ಇಂಗ್ಲೆಂಡ್ ಮೊದಲಾದ ಬ್ರಿಟನ್ನಿನ ಭಾಗಗಳ 40ರಿಂದ 73 ವರ್ಷದ ಆರು ಸಾವಿರ ಜನರ ಊಟದ ವಿವರವನ್ನೂ ಮೆದುಳಿನ ಚಿತ್ರಗಳನ್ನೂ ಹೋಲಿಸಿ ನೋಡಿ 2023ರಲ್ಲಿ ವರದಿಯನ್ನು ಪ್ರಕಟಿಸಿದರು. ದಿನಕ್ಕೆ 550 ಮಿಲಿಗ್ರಾಮಿಗಿಂತ ಹೆಚ್ಚು ಮೆಗ್ನೀಸಿಯಂ ಆಹಾರದಿಂದ ಪಡೆಯುತ್ತಿದ್ದವರ ಮೆದುಳು, ಸುಮಾರು 350 ಮಿಲಿಗ್ರಾಂ ಪಡೆಯುತ್ತಿದ್ದವರ ಮೆದುಳಿಗಿಂತ, 55ರ ವಯಸ್ಸಿಗೆ ಬರುವ ಹೊತ್ತಿಗೆ ಒಂದು ವರ್ಷದಷ್ಟು ಎಳೆಯದಾಗಿ ಕಂಡಿತಂತೆ. ಹೆಂಗಸರಲ್ಲಿ, ಅದರಲ್ಲೂ ಮುಟ್ಟು ನಿಂತವರಲ್ಲಿ, ಇದು ಹೆಚ್ಚು ಕಂಡಿತು.

ಡಬ್ಬಿಯ ಮಾರಾಟಗಾರರು ಇದನ್ನೇ ಹಿಡಿದು ಡಂಗುರ ಸಾರುತ್ತಿದ್ದಾರೆ. ಆದರೆ ವರದಿಯಲ್ಲಿ ಇರುವುದೇನು, ಇಲ್ಲದ್ದೇನು ಎಂದು ಬಿಡಿಸಿ ನೋಡಬೇಕು. ಅವರು ಲೆಕ್ಕ ಹಿಡಿದದ್ದು ಊಟವನ್ನು, ಗುಳಿಗೆಯನ್ನಲ್ಲ. ಊಟದ ವಿವರವನ್ನು ಜನರೇ ನೆನಪಿನಿಂದ ತುಂಬಿಕೊಟ್ಟದ್ದು. ಹೆಚ್ಚು ಕಾಳು, ಸೊಪ್ಪು, ತವುಡು ತೆಗೆಯದ ಧಾನ್ಯ ತಿನ್ನುವವರು ಬೇರೆ ರೀತಿಯಲ್ಲೂ ಮೈ ನೋಡಿಕೊಳ್ಳುವವರಿರಬಹುದು. ಮೆದುಳು ಚೆನ್ನಾಗಿರುವುದಕ್ಕೆ ಮೆಗ್ನೀಸಿಯಂ ಒಂದೇ ಕಾರಣವೆಂದು ಇಂತಹ ಹೋಲಿಕೆಯಿಂದ ಸಿದ್ಧವಾಗುವುದಿಲ್ಲ. ಡಬ್ಬಿಯಲ್ಲಿ ಬರುವ ಥ್ರಿಯೊನೇಟ್ ಎಂಬ ಬೆಲೆಬಾಳುವ ಬಗೆಯ ಹೆಸರು ಬಂದದ್ದು 2010ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಿಂದ. ಇಲಿಗಳು ಚುರುಕಾದವು, ನಿಜ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಚಿಕ್ಕವು. ಅವುಗಳ ಮೇಲೆ ಎರಡು ದಿನದ ಪಗಾರವನ್ನು ಇಡುವಷ್ಟು ಭರವಸೆ ನಮಗೆ ಬಂದಿಲ್ಲ.

ಬೂಸಾ ಚೀಲದ ಲೆಕ್ಕ

ಈಗ ನಮಗೆ ಗೊತ್ತಿರುವ ಕಸಬಿಗೆ ಬರೋಣ. ಬೆಳೆದ ಗಂಡಸಿಗೆ ದಿನಕ್ಕೆ 400 ಮಿಲಿಗ್ರಾಮಿನ ಆಸುಪಾಸು, ಹೆಂಗಸಿಗೆ 300ರ ಮೇಲೆ ಮೆಗ್ನೀಸಿಯಂ ಬೇಕೆಂದು ಅಮೇರಿಕೆಯ ತಜ್ಞರು ಗೊತ್ತುಮಾಡಿದ್ದಾರೆ. ಅದು ಎಲ್ಲಿಂದ ಬರಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ನಮ್ಮ ದೇಶದ ಆಹಾರಗಳನ್ನು ಪರೀಕ್ಷಿಸಿ ಕೋಷ್ಟಕ ಪ್ರಕಟಿಸಿದರು. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 145 ಮಿಲಿಗ್ರಾಂ, ಜೋಳದಲ್ಲಿ 130, ಸಜ್ಜೆಯಲ್ಲಿ 125, ಜರಡಿ ಹಿಡಿಯದ ಗೋದಿ ಹಿಟ್ಟಿನಲ್ಲಿ 125. ತವುಡು ತೆಗೆಯದ ಅಕ್ಕಿಯಲ್ಲಿ 90ರ ಮೇಲೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಬರೀ 20. ಮೈದಾದಲ್ಲಿ 30.

ಗೋದಿಯಲ್ಲಿ 125 ಇದ್ದದ್ದು ಮೈದಾದಲ್ಲಿ 30 ಆದದ್ದು ಹೇಗೆಂಬುದು ಗಿರಣಿಯವರಿಗೆ ಗೊತ್ತು. ನೂರು ಕಿಲೋ ಗೋದಿ ಒಳಗೆ ಬಂದರೆ ಅದರಲ್ಲಿ 125 ಗ್ರಾಂ ಮೆಗ್ನೀಸಿಯಂ ಬಂದಂತಾಯಿತು. ಅದರಿಂದ ಎಪ್ಪತ್ತು ಕಿಲೋ ಮೈದಾ ತೆಗೆದರೆ ಆ ಮೈದಾ ಚೀಲಗಳಲ್ಲಿ ಹೋಗುವುದು 21 ಗ್ರಾಂ. ಉಳಿದ ನೂರು ಗ್ರಾಮಿನಷ್ಟು ಎಲ್ಲಿ ಹೋಯಿತು? ಸಿಪ್ಪೆ ಮತ್ತು ಮೊಳಕೆಯ ಕಣ್ಣಿನೊಂದಿಗೆ ಬೂಸಾ ಚೀಲದಲ್ಲಿ. ಬೂಸಾ ಲಾರಿ ಹೋಗುವುದು ದನದ ಮೇವಿನ ವ್ಯಾಪಾರಿಯ ಕಡೆ. ಎರಡೂ ಲಾರಿಗಳ ಚೀಟಿಯನ್ನು ಬರೆಯುವವರು ನಾವೇ. ಒಳ್ಳೆಯ ಮಾಲು ಯಾವ ಲಾರಿಯಲ್ಲಿ ಹೋಯಿತೆಂದು ಇಷ್ಟು ವರ್ಷ ನಾವು ವಿಚಾರ ಮಾಡಿದ್ದೇ ಇಲ್ಲ.

ಇಬ್ಬರ ಒಂದು ದಿನದ ಊಟವನ್ನು ಲೆಕ್ಕ ಹಾಕೋಣ. ಊರಿನಲ್ಲಿದ್ದಾಗ ನಮ್ಮ ವಿಜಯಪುರದ ಅಥವಾ ಬೀದರಿನ ದುಡಿಯುವ ಮನುಷ್ಯ ನಾಲ್ಕು ಜೋಳದ ರೊಟ್ಟಿ ತಿನ್ನುತ್ತಿದ್ದ. ರೊಟ್ಟಿಗೆ 70 ಗ್ರಾಂ ಹಿಟ್ಟೆಂದರೂ 280 ಗ್ರಾಂ; ಅದರಲ್ಲಿ 360 ಮಿಲಿಗ್ರಾಂ ಮೆಗ್ನೀಸಿಯಂ. ತೊಗರಿಬೇಳೆಯ ಸಾರಿನಿಂದ 40, ಒಂದು ಹಿಡಿ ಶೇಂಗಾ ಚಟ್ನಿಯಿಂದ 50. ಪುಂಡಿಪಲ್ಯೆಯನ್ನು ಬಿಟ್ಟರೂ 450 ದಾಟಿತು. ಅದೇ ಮನುಷ್ಯ ಇಲ್ಲಿಗೆ ಬಂದು, ಐದು ಜನ ಒಂದು ಖೋಲಿ ಹಿಡಿದು, ಬೆಳಿಗ್ಗೆ ಚಹಾದೊಂದಿಗೆ ಬಿಸ್ಕೀಟು ಅಥವಾ ಖಾರಿ, ಮಧ್ಯಾಹ್ನ ಬಿಳಿ ಅನ್ನಕ್ಕೆ ನೀರು ಸಾರು, ಪಾಳಿಯ ನಡುವೆ ವಡಾಪಾವ್, ರಾತ್ರಿ ಪೊಟ್ಟಣದ ಶ್ಯಾವಿಗೆ ಎಂದು ದಿನ ತಳ್ಳುತ್ತಾನೆ. ಮೈದಾ 200 ಗ್ರಾಮಿನಿಂದ 60, ಅಕ್ಕಿ 200 ಗ್ರಾಮಿನಿಂದ 40, ಬೇಳೆಯಿಂದ 30. ಒಟ್ಟು 130. ಹೊಟ್ಟೆ ತುಂಬಿದೆ, ದುಡ್ಡೂ ಕಡಿಮೆ ಖರ್ಚಾಗಿಲ್ಲ.

ಬಿಡಕಿನ್ ಎಂಬುದು ಜೋಳ ಸಜ್ಜೆಯ ಸೀಮೆಯಲ್ಲಿಯೇ ಇದೆ. ಛತ್ರಪತಿ ಸಂಭಾಜಿನಗರದಿಂದ ಪೈಠಣದ ಹಾದಿಯಲ್ಲಿರುವ ಈ ಊರಿನ ಔದ್ಯೋಗಿಕ ಕ್ಷೇತ್ರ 2024ರ ಸೆಪ್ಟೆಂಬರ್ 29ರಂದು ರಾಷ್ಟ್ರಕ್ಕೆ ಅರ್ಪಿತವಾಯಿತು. ಆದರೆ ಸುತ್ತಲಿನ ಹಳ್ಳಿಗಳ ಒಲೆಯ ಮೇಲೆ ಬೇಯುವುದು ಹಳೆಯ ಭಾಕರಿಯೇ. 1948ರವರೆಗೆ ಈ ಮರಾಠವಾಡವೂ ನಮ್ಮ ಕಲಬುರಗಿ, ಬೀದರ, ರಾಯಚೂರುಗಳೂ ಒಬ್ಬ ನಿಜಾಮನ ರಾಜ್ಯದಲ್ಲಿದ್ದವು. ಮಾತು ಬೇರೆಯಾದರೂ ತಟ್ಟೆಯಲ್ಲಿ ಇದ್ದದ್ದು ಒಂದೇ. ಹೀಗಿರುವಾಗ ರೊಟ್ಟಿಯನ್ನು ಬಿಟ್ಟದ್ದು ಪರಸ್ಥಳದ ಕಾರಣದಿಂದಲ್ಲ, ತಟ್ಟಲು ಬಾರದ್ದರಿಂದ ಮತ್ತು ಪಾಳಿಯ ದಣಿವಿನಿಂದ. ಗಂಡಸರು ರೊಟ್ಟಿ ತಟ್ಟುವುದಕ್ಕೆ ನಾಚಬೇಕಾದ ಕಾಲ ಇದಲ್ಲ. ಬಾರದಿದ್ದರೆ ಪಡಿತರದ ಗೋದಿಯನ್ನು ಚಕ್ಕಿಯಲ್ಲಿ ಬೀಸಿಸಿ, ಜರಡಿ ಹಿಡಿಯದೆ ಚಪಾತಿ ಮಾಡಿದರೂ ಲೆಕ್ಕ ಸರಿಹೋಗುತ್ತದೆ. ತುಮಕೂರು ಕಡೆಯವರಿಗೆ ರಾಗಿ ಬೇಕಾದರೆ ಇಲ್ಲಿಯ ಕಿರಾಣಿ ಅಂಗಡಿಯಲ್ಲಿ 'ನಾಚಣಿ' ಎಂದು ಕೇಳಬೇಕು. ರಾಗಿ ಎಂದರೆ ಎಷ್ಟೋ ಜನಕ್ಕೆ ತಿಳಿಯದು. ಜೋಳಕ್ಕೆ ಜ್ವಾರಿ, ಸಜ್ಜೆಗೆ ಬಾಜರಿ, ಎಳ್ಳಿಗೆ ತೀಳ, ಹುರುಳಿಗೆ ಹುಲಗಾ, ಮಡಕಿಗೆ ಮಟಕಿ. ಕಾಳುಗಳೆಲ್ಲ ಈ ಖನಿಜದ ಮಟ್ಟಿಗೆ ಶ್ರೀಮಂತ. ಎಳ್ಳು, ಶೇಂಗಾ ಇನ್ನೂ ಶ್ರೀಮಂತ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಒಳಗಿನ ಖನಿಜ ದೇಹಕ್ಕೆ ಹೆಚ್ಚು ಸುಲಭವಾಗಿ ಸೇರುತ್ತದೆ, ಏಕೆಂದರೆ ಧಾನ್ಯದ ಸಿಪ್ಪೆಯಲ್ಲಿರುವ ಫೈಟೇಟ್ ಎಂಬ ಪದಾರ್ಥ ಖನಿಜಗಳನ್ನು ಹಿಡಿದಿಟ್ಟುಕೊಂಡಿರುತ್ತದೆ, ನೆನೆದಾಗ ಅದರ ಹಿಡಿತ ಸಡಿಲವಾಗುತ್ತದೆ. ತಿಂದದ್ದರಲ್ಲಿ ಮೂರನೆಯ ಒಂದು ಪಾಲು ರಕ್ತಕ್ಕೆ ಸೇರಿದರೆ ಅದೇ ಸಾಮಾನ್ಯ; ಮೇಲೆ ಹೇಳಿದ 400ರ ಅಳತೆಯನ್ನು ಇದನ್ನೂ ಲೆಕ್ಕ ಹಿಡಿದೇ ಗೊತ್ತುಮಾಡಿದ್ದಾರೆ.

ಜೋಳವನ್ನು ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ನಾವು ಡಬ್ಬಿ ಮಾರುವವನಿಗಿಂತ ಬೇರೆಯಾಗುವುದಿಲ್ಲ. ಹಿಂದೆ ಇದೇ ದಖ್ಖನ್ನಿನ ಬಡವರಲ್ಲಿ ಜೋಳ ಬಿಟ್ಟು ಬೇರೇನೂ ಸಿಗದವರಿಗೆ ಪೆಲಾಗ್ರ ಎಂಬ ರೋಗ ಬರುತ್ತಿತ್ತು: ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಾಂತಿಯ ಅವರು 1960ರಲ್ಲಿ ಇದನ್ನು ಕುರಿತು ಬರೆದರು. ಅಲ್ಲಿ ಕೊರತೆ ಮೆಗ್ನೀಸಿಯಮ್ಮಿನದಲ್ಲ, ನಯಾಸಿನ್ ಎಂಬ ಜೀವಸತ್ತ್ವದ್ದು. ರೊಟ್ಟಿಯ ಜೊತೆ ಬೇಳೆ, ಶೇಂಗಾ, ಹಾಲು ಅಥವಾ ಮೊಟ್ಟೆ ಇರಬೇಕೆಂಬುದಕ್ಕೆ ಇದೇ ಕಾರಣ.

ನೀರಿನ ವಿಷಯ

ಈ ಭಾಗದ ನೆಲದ ಕೆಳಗಿರುವುದು ಕರಿಕಲ್ಲು. ಅದರಲ್ಲಿ ಮೆಗ್ನೀಸಿಯಂ ಧಾರಾಳ. ಆದ್ದರಿಂದ ಬೋರಿನ ನೀರು ಗಡುಸು, ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಮೆಗ್ನೀಸಿಯಂ 30 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 100ರವರೆಗೆ ನಡೆದೀತು ಎಂದು 2012ರ ಭಾರತೀಯ ಮಾನಕ ಹೇಳುತ್ತದೆ. ಬೇಸಗೆಯಲ್ಲಿ ಮೂರು ಲೀಟರು ಕುಡಿಯುವವನಿಗೆ 30ರ ನೀರಿನಿಂದಲೇ 90 ಮಿಲಿಗ್ರಾಂ ಬಂತು. ನಾವು ಹಣ ಕೊಟ್ಟು ತರಿಸುವ ಆರ್.ಓ. ಜಾರಿನ ನೀರಿನಲ್ಲಿ ಇದರ ಬಹುಪಾಲು ಹೋಗಿರುತ್ತದೆ. ಹಾಗೆಂದು ಜಾರನ್ನು ಬಿಟ್ಟು ಪರೀಕ್ಷೆ ಮಾಡದ ಬೋರಿನ ನೀರನ್ನು ಕುಡಿಯಿರೆಂದು ನಾವು ಹೇಳುವುದಿಲ್ಲ. ಅದರಲ್ಲಿ ನೈಟ್ರೇಟ್, ಫ್ಲೋರೈಡ್, ರೋಗಾಣುಗಳೂ ಇರಬಹುದು. ನೀರಿನಲ್ಲಿ ಹೋದದ್ದನ್ನು ತಟ್ಟೆಯಲ್ಲಿ ತುಂಬಿಕೊಳ್ಳುವುದೇ ಕ್ಷೇಮ.

ನಿಜವಾಗಿ ಕೊರತೆ ಯಾರಿಗೆ?

ಊಟ ಸ್ವಲ್ಪ ಕಡಿಮೆಯಾದ ಮಾತ್ರಕ್ಕೆ ಆರೋಗ್ಯವಂತನಿಗೆ ಸೆಳವು ಬರುವುದಿಲ್ಲ. ಮೂತ್ರಪಿಂಡಗಳು ಮೆಗ್ನೀಸಿಯಮ್ಮನ್ನು ಜಿಪುಣನಂತೆ ಹಿಡಿದಿಟ್ಟುಕೊಳ್ಳುತ್ತವೆ. ತೀವ್ರ ಕೊರತೆ ಬರುವುದು ಬೇರೆ ದಾರಿಗಳಿಂದ. ದಿನವೂ ದಾರು ಕುಡಿಯುವವರಿಗೆ ಮೂತ್ರದಲ್ಲಿ ಅದು ಹರಿದುಹೋಗುತ್ತದೆ, ಊಟವೂ ಸೇರುವುದಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬಹುದಿನದ ಭೇದಿ, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಗುಳಿಗೆಗಳು ಇವುಗಳಿಂದಲೂ ಕಡಿಮೆಯಾಗುತ್ತದೆ.

ಇವೆಲ್ಲಕ್ಕಿಂತ ನಮ್ಮ ಓದುಗರಿಗೆ ಹತ್ತಿರದ್ದೆಂದರೆ ಗ್ಯಾಸಿನ ಗುಳಿಗೆ. ಪಾಳಿ ಬದಲಾದಂತೆ ಊಟದ ವೇಳೆ ತಪ್ಪಿ ಎದೆಯುರಿ ಬರುತ್ತದೆ, ಅಂಗಡಿಯವನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ ಕೊಡುತ್ತಾನೆ, ಉರಿ ನಿಲ್ಲುತ್ತದೆ, ಆಮೇಲೆ ವರ್ಷಗಟ್ಟಲೆ ಅದು ಹಲ್ಲುಜ್ಜಿದ ಹಾಗೆ ರೂಢಿಯಾಗುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಂದು ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಈ ವರ್ಗದ ಗುಳಿಗೆಗಳನ್ನು ಬಹುಕಾಲ, ಹೆಚ್ಚಾಗಿ ಒಂದು ವರ್ಷಕ್ಕೂ ಮೀರಿ, ತೆಗೆದುಕೊಂಡವರಲ್ಲಿ ರಕ್ತದ ಮೆಗ್ನೀಸಿಯಂ ಕುಸಿಯಬಹುದೆಂದು ಅಮೇರಿಕೆಯ ಔಷಧ ನಿಯಂತ್ರಣ ಇಲಾಖೆ 2011ರಲ್ಲಿ ಎಚ್ಚರಿಸಿತು. ಕುಸಿದರೆ ಸ್ನಾಯು ಸೆಟೆಯುವುದು, ಕೈ ನಡುಕ, ಎದೆಬಡಿತ ತಪ್ಪುವುದು, ತೀರ ಕೆಟ್ಟಾಗ ಸೆಳವು. ಕೆಲವರಿಗೆ ಮೆಗ್ನೀಸಿಯಂ ಗುಳಿಗೆ ಕೊಟ್ಟರೂ ಸಾಲದೆ, ಗ್ಯಾಸಿನ ಗುಳಿಗೆಯನ್ನು ನಿಲ್ಲಿಸಿದಾಗಲೇ ಸರಿಹೋಯಿತು. ಇದೇ ಗುಳಿಗೆ ಬಿ-12 ಜೀವಸತ್ತ್ವವನ್ನೂ ಕಡಿಮೆ ಮಾಡಬಲ್ಲದು; ಅದು ಕಡಿಮೆಯಾದರೆ ಮರೆವು, ಕೈಕಾಲು ಜೋಮು. ಆದರೆ ಈ ಪಾಠ ಓದಿ ನಾಳೆಯೇ ಯಾರೂ ಗುಳಿಗೆಯನ್ನು ಎಸೆಯಬಾರದು. ಏಕಾಏಕಿ ಬಿಟ್ಟರೆ ಉರಿ ಮೊದಲಿಗಿಂತ ಹೆಚ್ಚಾಗಿ ಬರುವುದುಂಟು; ಹುಣ್ಣು ಇದ್ದವರಿಗೆ, ಹೃದಯಕ್ಕೆಂದು ರಕ್ತ ತೆಳುಮಾಡುವ ಗುಳಿಗೆ ತಿನ್ನುವವರಿಗೆ ಅದು ಬೇಕೇ ಇರುತ್ತದೆ. ಬರೆದುಕೊಟ್ಟ ವೈದ್ಯರನ್ನೇ "ಇದು ಇನ್ನೂ ಬೇಕೇ?" ಎಂದು ಕೇಳಬೇಕು. ಯಾರೂ ಬರೆದುಕೊಡದೆ ತೆಗೆದುಕೊಳ್ಳುತ್ತಿದ್ದರಂತೂ ತಪ್ಪದೆ ಕೇಳಬೇಕು.

ಮೆಗ್ನೀಸಿಯಂ ಗುಳಿಗೆಯನ್ನು ಕುರಿತೂ ಎರಡು ಮಾತು. ಮೂತ್ರಪಿಂಡದ ರೋಗವಿದ್ದವರು ಅದನ್ನು ಸ್ವಂತ ಬುದ್ಧಿಯಿಂದ ಮುಟ್ಟಲೇಬಾರದು. ಹೊರಹೋಗದೆ ರಕ್ತದಲ್ಲಿ ಏರಿ ಎದೆಬಡಿತವನ್ನೇ ನಿಧಾನಿಸುತ್ತದೆ. ಉಳಿದವರಿಗೆ ಹೆಚ್ಚಾದರೆ ಮೊದಲು ಭೇದಿ. ಥೈರಾಯ್ಡಿನ ಗುಳಿಗೆ ಮತ್ತು ಕೆಲವು ಸೋಂಕುನಿವಾರಕ ಗುಳಿಗೆಗಳ ಜೊತೆಯಲ್ಲೇ ನುಂಗಿದರೆ ಅವು ಕೆಲಸ ಮಾಡುವುದಿಲ್ಲ. ಕೆಲವು ಗಂಟೆಗಳ ಅಂತರ ಬೇಕು.

ಇನ್ನು ಡಬ್ಬಿ ತಂದ ಬಾಂಧವರ ಸುದ್ದಿ. ಮುಂದಿನ ರವಿವಾರ ಅವರನ್ನು ಕೂಡಿಸಿಕೊಂಡು, ಅವರು ತಿನ್ನುವ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿದೆವು. ನಾಲ್ಕು ವರ್ಷಗಳಿಂದ ಬೆಳಿಗ್ಗೆ ಒಂದು ಗ್ಯಾಸಿನ ಗುಳಿಗೆ. ಯಾರು ಮೊದಲು ಕೊಟ್ಟರೆಂಬುದೂ ಅವರಿಗೆ ನೆನಪಿರಲಿಲ್ಲ. ಪಟ್ಟಿಯನ್ನು ಬರೆದುಕೊಟ್ಟು ಸರಕಾರಿ ದವಾಖಾನೆಗೆ ಜೊತೆಯಲ್ಲಿ ಹೋದೆವು. ವೈದ್ಯರು ಪಟ್ಟಿ ನೋಡಿ ರಕ್ತ ತೆಗೆಸಿದರು. ಮೆಗ್ನೀಸಿಯಂ ಸ್ವಲ್ಪ ಕಡಿಮೆ, ಬಿ-12 ಬಹಳ ಕಡಿಮೆ. ಗ್ಯಾಸಿನ ಗುಳಿಗೆಯನ್ನು ಹಂತ ಹಂತವಾಗಿ ಬಿಡಿಸುವ ಕ್ರಮ ಹೇಳಿ, ಬಿ-12ರ ಸೂಜಿ ಬರೆದರು. "ಮರೆವಿಗೆ ಅರ್ಧ ಕಾರಣ ನಿದ್ದೆ, ಆರು ತಾಸು ಕತ್ತಲೆಯಲ್ಲಿ ಮಲಗದವನಿಗೆ ಯಾವ ಡಬ್ಬಿಯೂ ನೆನಪು ಕೊಡುವುದಿಲ್ಲ" ಎಂದೂ ಹೇಳಿ ಕಳಿಸಿದರು. ಅವರ ಖೋಲಿಯ ಕಿಟಕಿಗೆ ಈಗ ಸಿಮೆಂಟ್ ಚೀಲದ ಪರದೆ ಬಂದಿದೆ. ಮೀನಖಂಡ ಸೆಟೆಯುವುದು ಕಡಿಮೆಯಾಗಿದೆಯಂತೆ. ಮರೆವು ಇನ್ನೂ ಪೂರ್ತಿ ಹೋಗಿಲ್ಲ. ಖೋಲಿಯ ಐವರೂ ಕೂಡಿ ತಿಂಗಳಿಗೆ ಇಪ್ಪತ್ತು ಕಿಲೋ ಜ್ವಾರಿ ತರುತ್ತಿದ್ದಾರೆ. ತಟ್ಟುವ ಪಾಳಿಯನ್ನು ಹಂಚಿಕೊಂಡಿದ್ದಾರೆ. ರೊಟ್ಟಿಗಳ ಆಕಾರವನ್ನು ಕುರಿತು ನಾವು ಏನೂ ಬರೆಯುವುದಿಲ್ಲ.

ರವಿವಾರ ಸಂಜೆ ಐದರಿಂದ ಏಳರವರೆಗೆ ನಾವು ವಾಚನಾಲಯದಲ್ಲಿ ಇರುತ್ತೇವೆ. ದಿನವೂ ತೆಗೆದುಕೊಳ್ಳುವ ಗುಳಿಗೆಗಳ ಪಟ್ಟಿಗಳನ್ನು ತಂದವರಿಗೆ ಅವುಗಳ ಹೆಸರು, ಎಷ್ಟು ಕಾಲದಿಂದ, ಯಾರು ಹೇಳಿದ್ದು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದುಕೊಡುತ್ತೇವೆ. ಔಷಧ ಹೇಳುವುದು ನಮ್ಮ ಕೆಲಸವಲ್ಲ. ಹಾಳೆಯನ್ನು ವೈದ್ಯರಿಗೆ ತೋರಿಸುವುದು ತಮ್ಮ ಕೆಲಸ.